ಎಲ್ಲ ಲೀಡ್, ಎಲ್ಲ ಲಿಫ್ಟ್ ಸೇರಿ

ಕಾಲುವೆ ಕೆಲಸದ ಆ ಟೆಂಡರ್ ಪುಸ್ತಕದಲ್ಲಿ ಮಣ್ಣಿನ ಐಟಂ ಬಂದಲ್ಲೆಲ್ಲ ಕೊನೆಗೊಂದು ಮಾತು ಅಂಟಿಕೊಂಡಿರುತ್ತಿತ್ತು: ಎಲ್ಲ ಲೀಡ್, ಎಲ್ಲ ಲಿಫ್ಟ್ ಸೇರಿ. ಮಣ್ಣನ್ನು ಎಷ್ಟು ದೂರದಿಂದ ತಂದರೂ, ಎಷ್ಟು ಎತ್ತರಕ್ಕೆ ಏರಿಸಿದರೂ ದರ ಒಂದೇ ಎಂದು ಅದರ ಅರ್ಥ. 1980ರ ದಶಕದಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ಗುತ್ತಿಗೆ ಕಂಪನಿಯೊಂದನ್ನು ಸೇರಿ, ಉತ್ತರ ಕರ್ನಾಟಕದ ಒಂದು ನೀರಾವರಿ ಕಾಲುವೆಯ ಸೈಟಿಗೆ ಬಂದಿಳಿದ ಆ ತರುಣನಿಗೆ ಬೀಮು, ಕಾಲಂ, ಮಣ್ಣಿನ ಒತ್ತಡ ಎಲ್ಲ ಬಾಯಿಪಾಠವಿತ್ತು. ಈ ಒಂದು ಮಾತಿನ ಮೇಲೆ ಕಂಪನಿಯ ಇಡೀ ವರ್ಷದ ಲಾಭ-ನಷ್ಟ ನಿಂತಿರುತ್ತದೆ ಎಂಬುದು ಮಾತ್ರ ಯಾವ ಪಾಠದಲ್ಲೂ ಬಂದಿರಲಿಲ್ಲ.

ಈಗ ಅವರು ನಿವೃತ್ತರು, ಧಾರವಾಡದಲ್ಲಿ ನೆಲೆಸಿದ್ದಾರೆ. ಕಾಲುವೆ, ಕೊಲ್ಲಿ ದೇಶದ ರಸ್ತೆ, ಇಲ್ಲಿನ ಹೆದ್ದಾರಿ, ಸೇತುವೆ ಎಂದು ದುಡಿದವರು. ಹಳೆಯ ದಿನಗಳ ಮಾತು ತೆಗೆದರೆ ಕಟ್ಟಿದ ಸೇತುವೆಗಳಿಗಿಂತ ಮೊದಲು ಅವರಿಗೆ ನೆನಪಾಗುವುದು ಓದಿದ ಕರಾರುಗಳು. ಯಾವ ಕಲಂ ಯಾವ ಸೈಟಿನಲ್ಲಿ ಜೀವ ತಳೆಯಿತು, ಯಾವುದು ಕಾಗದದಲ್ಲೇ ಉಳಿಯಿತು ಎಂಬುದನ್ನು ಅವರು ಇವತ್ತಿಗೂ ಬಿಡಿಬಿಡಿಯಾಗಿ ಹೇಳಬಲ್ಲರು.

ಆ ಕಾಲುವೆ ಹಾಯ್ದದ್ದು ಎರೆ ನೆಲದಲ್ಲಿ. ಎರೆ ಮಣ್ಣು ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಲೈನಿಂಗ್ ಹಾಕಿದರೆ ಕೆಲವೇ ಮಳೆಗಾಲಗಳಲ್ಲಿ ಹಾಸು ಎದ್ದು ಒಡೆಯುತ್ತದೆ. ಮಲಪ್ರಭಾ ಕಾಲುವೆಗಳಲ್ಲಿ ಈ ಪೆಟ್ಟು ಬಿದ್ದ ಮೇಲೆ ಮುಂಬೈ ಐಐಟಿಯ ಪ್ರೊ. ಆರ್.ಕೆ. ಕಟ್ಟಿ ಅವರ ಸಂಶೋಧನೆಯಿಂದ ದಾರಿ ಸಿಕ್ಕಿತ್ತು. ಎರೆಯ ಮೇಲೆ ಹಿಗ್ಗದ, ಆದರೆ ಅಂಟುಗುಣವುಳ್ಳ ಬೇರೆ ಮಣ್ಣಿನ ದಪ್ಪ ಪದರ ಹಾಕಿ, ನೀರು ಹೊಡೆದು, ರೋಲರ್ ಓಡಿಸಿ, ಅದರ ಮೇಲೆ ಲೈನಿಂಗ್ ಹಾಕಬೇಕು. ಸೈಟಿನಲ್ಲಿ ಎಲ್ಲರೂ ಅದನ್ನು ಸಿ.ಎನ್.ಎಸ್. ಮಣ್ಣು ಎನ್ನುತ್ತಿದ್ದರು. ಎರೆ ಸೀಮೆಯಲ್ಲಿ ಆ ಮಣ್ಣು ಸುಲಭಕ್ಕೆ ಸಿಗದು. ಟೆಂಡರ್ ಡ್ರಾಯಿಂಗಿನಲ್ಲಿ ಕಾಲುವೆಯ ಹತ್ತಿರವೇ ಒಂದು ಬಾರೋ ಏರಿಯಾ, ಅಂದರೆ ಮಣ್ಣು ಅಗೆದು ತರುವ ಜಾಗ, ಗುರುತಿಸಿದ್ದರು. ಕಂಪನಿ ಆ ದೂರವನ್ನು ನೋಡಿಯೇ ದರ ಹಾಕಿತ್ತು. ಅರ್ಧ ಕೆಲಸ ಮುಗಿಯುವ ಹೊತ್ತಿಗೆ ಅಲ್ಲಿನ ಒಳ್ಳೆಯ ಮಣ್ಣು ತೀರಿತು. ಉಳಿದದ್ದು ಪ್ರಯೋಗಾಲಯದ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಇಲಾಖೆ ಒಪ್ಪಿದ ಮುಂದಿನ ಬಾರೋ ಏರಿಯಾ ಮೊದಲಿನದಕ್ಕಿಂತ ಎಷ್ಟೋ ಪಟ್ಟು ದೂರ. ಟಿಪ್ಪರ್‌ಗಳ ಡೀಸೆಲ್ ಯಾರ ಲೆಕ್ಕಕ್ಕೆ?

ಇಲಾಖೆಯ ಅಧಿಕಾರಿಗಳು ಪುಸ್ತಕ ತೆರೆದು ಅದೇ ಮಾತಿನ ಮೇಲೆ ಬೆರಳಿಟ್ಟರು: ಎಲ್ಲ ಲೀಡ್, ಎಲ್ಲ ಲಿಫ್ಟ್ ಸೇರಿ.

ಕಂಪನಿಯ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದವರು ಬಿಜಾಪುರದ ಕಡೆಯ ಒಬ್ಬ ಹಿರಿಯರು. ಓದಿದ್ದು ಡಿಪ್ಲೊಮಾ, ಅಕ್ಷರ ಮಾತ್ರ ಮುತ್ತಿನಂಥವು. ತರುಣ ಅವರನ್ನು ಕಾಕಾ ಎನ್ನುತ್ತಿದ್ದ. ಒಂದು ಸಂಜೆ ಅವರು ಕರಾರಿನ ಆ ದಪ್ಪ ಪುಸ್ತಕವನ್ನು ಅವನ ಮುಂದೆ ಇಟ್ಟರು.

“ತಮ್ಮಾ, ಡ್ರಾಯಿಂಗ್ ಎಲ್ಲಾರೂ ನೋಡ್ತಾರ. ಇದನ್ನ ತಗದು ನೋಡಾವ್ರು ಯಾರೂ ಇಲ್ಲ. ರಾತ್ರಿ ಊಟ ಆದಮ್ಯಾಲ ಓದು.”

ಓದಿದ. ಮರುದಿನ ಬೆಳಿಗ್ಗೆ, “ಕಾಕಾ, ಇದ್ರಾಗ ಎಲ್ಲಾ ನಮಗ ವಿರುದ್ಧನ ಐತಲ್ರಿ,” ಎಂದ.

“ಪೂರಾ ಓದಿಲ್ಲ ನೀ. ಕರಾರಿನ ಕಾಗದ ಅಂದ್ರ ಯಾವ್ಯಾವು ಅಂತ ಪಟ್ಟಿ ಕೊಟ್ಟಾರಲ್ಲ, ಅದನ್ನ ನೋಡು. ಡ್ರಾಯಿಂಗ್ ಅದ್ರಾಗ ಐತೋ ಇಲ್ಲೋ?”

ಇತ್ತು. ಡ್ರಾಯಿಂಗೂ ಕರಾರಿನ ಭಾಗವೇ ಆದರೆ, ಅದರಲ್ಲಿ ಗುರುತಿಸಿದ ಬಾರೋ ಏರಿಯಾವೂ ಕರಾರಿನ ಭಾಗ. ಅದನ್ನು ಬಿಟ್ಟು ಬೇರೆ ಕಡೆಯಿಂದ ತನ್ನಿ ಎಂದು ಇಲಾಖೆ ಬರೆದುಕೊಟ್ಟರೆ ಅದು ಕೆಲಸದಲ್ಲಾದ ಬದಲಾವಣೆ. ಬದಲಾವಣೆಗೆ ದರ ಕಟ್ಟುವ ಕಲಂ ಬೇರೆಯೇ ಇದೆ. ಕಾಕಾ ಅಲ್ಲಿಗೆ ನಿಲ್ಲಲಿಲ್ಲ. ಪ್ರತಿ ಟಿಪ್ಪರಿನ ಪ್ರತಿ ಟ್ರಿಪ್ಪಿಗೂ ಚೀಟಿ ಮಾಡಿಸಿದರು: ಯಾವ ಬಾರೋ, ಎಷ್ಟು ಕಿಲೋಮೀಟರ್, ಕಾಲುವೆಯ ಯಾವ ಚೈನೇಜಿನಲ್ಲಿ, ಅಂದರೆ ಆರಂಭದಿಂದ ಎಷ್ಟು ದೂರದಲ್ಲಿ, ಸುರಿದದ್ದು. ಸಂಜೆಗೊಮ್ಮೆ ರಿಜಿಸ್ಟರಿಗೆ ಏರಿಸಿ ಇಲಾಖೆಯ ಜೂನಿಯರ್ ಎಂಜಿನಿಯರ್ ಅವರಿಂದ ಸಹಿ. ತಿಂಗಳಿಗೊಂದು ಪತ್ರ, ಪತ್ರದಲ್ಲಿ ದೂರಿಲ್ಲ, ಕೋಪವಿಲ್ಲ, ಕಲಂ ನಂಬರು, ತಾರೀಖು, ಪ್ರಮಾಣ, ಇಷ್ಟೇ. ಹಣ ಬರಲು ಬಹಳ ಕಾಲ ಹಿಡಿಯಿತು, ಕೇಳಿದಷ್ಟು ಬರಲಿಲ್ಲ. ಆದರೆ ಇಲಾಖೆಯ ದರಪಟ್ಟಿಯಾದ ಎಸ್.ಆರ್. ಮೇಲೆ ಹೊಸ ದರದ ಲೆಕ್ಕ ಕಟ್ಟಿ, ಎಕ್ಸ್‌ಟ್ರಾ ಐಟಂ ಎಂದು ಮಂಜೂರಾಗಿ ಬಂತು. ಸಹಿ ಇದ್ದ ಟ್ರಿಪ್ಪುಗಳಿಗೆ ಪೂರ್ತಿ, ಸಹಿ ಇಲ್ಲದವಕ್ಕೆ ಒಂದು ರೂಪಾಯಿಯೂ ಇಲ್ಲ. ಆ ಬಿಲ್ಲಿನ ಪ್ರತಿಯನ್ನು ನೋಡಿದ ದಿನ ಆ ತರುಣ, ಎಂಜಿನಿಯರಿಂಗಿನ ಇನ್ನೊಂದು ಅರ್ಧ ಇಲ್ಲಿದೆ ಎಂದು ನಿಶ್ಚಯ ಮಾಡಿಕೊಂಡ.

ಮಾದರಿ ಕರಾರು ಎಂದರೇನು ಎಂದು ಯಾರಾದರೂ ಕೇಳಿದರೆ ಅವರು ಕಾನೂನಿನ ವ್ಯಾಖ್ಯೆ ಕೊಡುವುದಿಲ್ಲ. ನೆಲದಡಿ ಬಂಡೆ ಬಂದರೆ, ಮಳೆ ಸುರಿದರೆ, ಸಿಮೆಂಟಿನ ಬೆಲೆ ಏರಿದರೆ, ಜಾಗ ಕೈಗೆ ಬರುವುದು ತಡವಾದರೆ, ಕೆಲಸ ಕೊಟ್ಟ ಯಜಮಾನನ ಮನಸ್ಸು ಬದಲಾದರೆ ಆ ಹೊರೆ ಯಾರದು ಎಂದು, ಜಗಳ ಹುಟ್ಟುವ ಮೊದಲೇ, ಎರಡೂ ಕಡೆಯವರು ತಣ್ಣಗಿರುವಾಗ ಹಂಚಿಟ್ಟ ಪಟ್ಟಿ ಅದು ಎನ್ನುತ್ತಾರೆ. ಪ್ರತಿ ಕೆಲಸಕ್ಕೂ ಹೊಸದಾಗಿ ಬರೆಯದೆ ಒಂದೇ ಮಾದರಿ ಇಟ್ಟುಕೊಂಡರೆ ದರ ಹಾಕುವವನಿಗೆ ತಾನು ಯಾವ ಹೊರೆಗೆ ದರ ಹಾಕುತ್ತಿದ್ದೇನೆ ಎಂಬುದು ಗೊತ್ತಿರುತ್ತದೆ. ಹೊರೆಯನ್ನು ಯಾರು ಚೆನ್ನಾಗಿ ನಿಭಾಯಿಸಬಲ್ಲರೋ ಅವರ ಮೇಲೆ ಅದನ್ನು ಹಾಕಬೇಕು ಎಂಬುದು ಐರ್ಲೆಂಡಿನ ಕಾನೂನು ತಜ್ಞ ಮ್ಯಾಕ್ಸ್ ಅಬ್ರಹಾಂಸನ್ ಮುಂದಿಟ್ಟ ತತ್ವ. ಕರಾರು ಓದುವ ಎಲ್ಲರಿಗೂ ಈ ನಿವೃತ್ತ ಎಂಜಿನಿಯರ್ ಮೊದಲು ಹೇಳಿಕೊಡುವುದು ಇದನ್ನೇ.

ನಮ್ಮಲ್ಲಿ ಮಾದರಿಗಳಿಗೆ ಬರವಿಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಗೆ ತನ್ನ ಸಾಮಾನ್ಯ ಷರತ್ತುಗಳಿವೆ. ಅಲ್ಲಿ ಕೆಲಸ ಮಾಡಿದ ಯಾರನ್ನು ಕೇಳಿದರೂ ಕಲಂ 2 ಎಂದರೆ ತಡವಾದದ್ದಕ್ಕೆ ದಂಡ, ಕಲಂ 5 ಎಂದರೆ ಅವಧಿ ವಿಸ್ತರಣೆ, ಕಲಂ 12 ಎಂದರೆ ಹೆಚ್ಚು-ಕಡಿಮೆ ಕೆಲಸ, ಕಲಂ 25 ಎಂದರೆ ವಿವಾದ ಎಂದು ನಿದ್ದೆಯಲ್ಲೂ ಹೇಳುತ್ತಾರೆ. ರೈಲ್ವೆಗೆ ಅದರದೇ ಷರತ್ತುಗಳು. ಕರ್ನಾಟಕದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಬಂದ ಮೇಲೆ ಕೆ.ಡಬ್ಲ್ಯು. ಸರಣಿಯ ಮಾದರಿ ಟೆಂಡರ್ ದಾಖಲೆಗಳು ರೂಢಿಗೆ ಬಂದವು. ಕೆಲಸದ ಮೊತ್ತ ನೋಡಿ ಕೆ.ಡಬ್ಲ್ಯು.-1ರಿಂದ ಮೇಲಕ್ಕೆ. ಇವೆಲ್ಲದರ ಕೆಳಗೆ ಅಡಿಪಾಯವಾಗಿ ಇರುವುದು 1872ರ ಭಾರತೀಯ ಕರಾರು ಕಾಯ್ದೆ.

ಇಲಾಖೆಯ ಮಾದರಿಗಳಲ್ಲಿ ಒಂದು ಹಳೆಯ ರೋಗ ಉಂಟು: ಕರಾರಿನ ಒಂದು ಪಕ್ಷವೇ ನ್ಯಾಯಾಧೀಶನೂ ಆಗಿಬಿಡುವುದು. ಅವರು ಕಾಲುವೆ ಸೈಟಿನಲ್ಲಿದ್ದ ಕಾಲಕ್ಕೇ, 1987ರಲ್ಲಿ, ಸುಪ್ರೀಂ ಕೋರ್ಟಿನಿಂದ ಇದರ ಬಗ್ಗೆ ಒಂದು ತೀರ್ಪು ಬಂತು. ಅದು ಕಟ್ಟಡದ ಕೆಲಸದ್ದಲ್ಲ, ತೀರ್ಥಹಳ್ಳಿಯ ಒಂದು ಅಕ್ಕಿ ಗಿರಣಿಯದು. ಗಿರಣಿಯೊಂದಿಗೆ ಸರ್ಕಾರ ಮಾಡಿಕೊಂಡ ಕರಾರಿನಲ್ಲಿ, ಷರತ್ತು ಮುರಿದರೆ ಸರ್ಕಾರವೇ ಲೆಕ್ಕ ಹಾಕಿದ ನಷ್ಟವನ್ನು ಗಿರಣಿ ಕಟ್ಟಿಕೊಡಬೇಕು ಎಂದಿತ್ತು. ನಷ್ಟದ ಮೊತ್ತ ಲೆಕ್ಕ ಹಾಕುವ ಅಧಿಕಾರ ಇರಬಹುದು. ಆದರೆ ಷರತ್ತು ಮುರಿಯಿತೇ ಇಲ್ಲವೇ ಎಂಬುದೇ ವಿವಾದವಾಗಿದ್ದಾಗ ಅದನ್ನು ತೀರ್ಮಾನಿಸಬೇಕಾದವರು ಮೂರನೆಯವರು, ಕರಾರಿನ ಪಕ್ಷವಲ್ಲ ಎಂದು ಕೋರ್ಟು ಹೇಳಿತು. ಕರ್ನಾಟಕ ಸರ್ಕಾರ ವರ್ಸಸ್ ಶ್ರೀ ರಾಮೇಶ್ವರ ರೈಸ್ ಮಿಲ್ಸ್ ಎಂಬ ಆ ಪ್ರಕರಣವನ್ನು ರಸ್ತೆ, ಅಣೆಕಟ್ಟು, ಸೇತುವೆಗಳ ವಾದಗಳಲ್ಲಿ ವಕೀಲರು ಈಗಲೂ ಎತ್ತುತ್ತಾರೆ. ಮಲೆನಾಡಿನ ಒಂದು ಗಿರಣಿ ದೇಶದ ಎಲ್ಲ ಗುತ್ತಿಗೆದಾರರಿಗೆ ಮಾಡಿಕೊಟ್ಟ ಉಪಕಾರ ಇದು ಎಂದು ಈ ಎಂಜಿನಿಯರ್ ಅಭಿಮಾನದಿಂದ ಹೇಳುತ್ತಾರೆ.

1990ರ ದಶಕದಲ್ಲಿ ಅವರು ಒಮಾನಿಗೆ ಹೋದರು. ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಎಷ್ಟೋ ಮಂದಿ ಮೊದಲೇ ಅಲ್ಲಿದ್ದರು, ಬಯಲುಸೀಮೆಯವರು ಕಡಿಮೆ. ಸೈಟ್ ಆಫೀಸಿನಲ್ಲಿ ಕೇರಳದವರು, ಈಜಿಪ್ಟಿನವರು, ಬ್ರಿಟಿಷರು, ಪಾಕಿಸ್ತಾನದವರು. ಅಷ್ಟು ದೇಶಗಳ ಜನ ಒಂದೇ ಪುಸ್ತಕದ ಕಲಂ ನಂಬರುಗಳಲ್ಲಿ ಮಾತಾಡಿಕೊಳ್ಳುವುದನ್ನು ಅವರು ಮೊದಲು ಕಂಡದ್ದು ಅಲ್ಲಿ. “ಇದು 12 ಆಗುವುದಿಲ್ಲ, 44 ಮಾತ್ರ,” ಎಂದು ಒಬ್ಬ ಹೇಳಿದರೆ ಉಳಿದವರಿಗೆಲ್ಲ ಅರ್ಥವಾಗುತ್ತಿತ್ತು. ಆ ಪುಸ್ತಕ ಫಿಡಿಕ್‌ನ ರೆಡ್ ಬುಕ್.

ಫಿಡಿಕ್ ಎಂದರೆ ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ. 1913ರಲ್ಲಿ ಹುಟ್ಟಿದ್ದು, ಕಚೇರಿ ಜಿನೀವಾದಲ್ಲಿ. ಬ್ರಿಟನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆ 1945ರಲ್ಲಿ ಹೊರತಂದಿದ್ದ ಮಾದರಿಯ ಜಾಡಿನಲ್ಲೇ ಫಿಡಿಕ್ 1957ರಲ್ಲಿ ತನ್ನ ಮೊದಲ ಮಾದರಿ ಕರಾರನ್ನು ಪ್ರಕಟಿಸಿತು. ಹೆಸರು ಉದ್ದವಿತ್ತು, ರಟ್ಟು ಕೆಂಪಿತ್ತು. ಜನ ರೆಡ್ ಬುಕ್ ಎಂದೇ ಕರೆದರು. ವಿಶ್ವಬ್ಯಾಂಕಿನ ಸಾಲದ ಕೆಲಸಗಳ ಮೂಲಕ ಅದು ಏಷ್ಯಾ, ಆಫ್ರಿಕಾಗಳ ಹಳ್ಳಿಗಾಡಿನ ಸೈಟುಗಳಿಗೂ ತಲುಪಿತು. ಅವರ ಕೈಗೆ ಸಿಕ್ಕಿದ್ದು 1987ರ ನಾಲ್ಕನೆಯ ಆವೃತ್ತಿಯ ಆಧಾರದ ಕರಾರು.

ಅವರಿಗೆ ಆ ಪುಸ್ತಕ ನಿಜವಾಗಿ ತಿಳಿದದ್ದು ಒಂದು ಪ್ರವಾಹದಿಂದ. ಒಮಾನಿನಲ್ಲಿ ವಾದಿ ಎಂದರೆ ವರ್ಷದ ಬಹುಕಾಲ ಒಣಗಿ ಬಿದ್ದಿರುವ ಹೊಳೆಪಾತ್ರ. ಬೆಟ್ಟದಲ್ಲಿ ಮಳೆಯಾದರೆ ಕೆಲವೇ ಗಂಟೆಗಳಲ್ಲಿ ನೀರು ಗೋಡೆಯಂತೆ ಇಳಿದು ಬರುತ್ತದೆ. ಅವರ ರಸ್ತೆ ಅಂಥದ್ದೊಂದು ವಾದಿಯನ್ನು ದಾಟುತ್ತಿತ್ತು. ಒಂದು ರಾತ್ರಿಯ ಮಳೆಗೆ ಅರ್ಧ ಕಟ್ಟಿದ ಕಲ್ವರ್ಟಿನ ರೆಕ್ಕೆಗೋಡೆ, ಸೆಂಟ್ರಿಂಗ್ ಸಾಮಾನು, ಹಾಕಿದ ಮಣ್ಣಿನ ಏರಿ ಎಲ್ಲ ಹೋದವು. ಬೆಳಿಗ್ಗೆ ಎಲ್ಲರೂ ಕೆಸರಿನಲ್ಲಿ ನಿಂತು ಏನೇನು ಹೋಯಿತು ಎಂದು ನೋಡುತ್ತಿದ್ದರೆ, ಕಂಪನಿಯ ಕ್ವಾಂಟಿಟಿ ಸರ್ವೇಯರ್, ಶ್ರೀಲಂಕಾದ ಒಬ್ಬ ಹೆಣ್ಣುಮಗಳು, ಕ್ಯಾಮೆರಾ ಹಿಡಿದು ನೀರಿನ ಗುರುತು ಎಲ್ಲಿಯವರೆಗೆ ಬಂದಿದೆ ಎಂದು ಅಳೆಸುತ್ತಿದ್ದಳು. ಆಫೀಸಿಗೆ ಬಂದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: ನಮಗೆ ಬರಬೇಕಾದದ್ದು ಸಮಯವೋ, ಹಣವೋ, ಎರಡೂನೋ?

ಒಂದೇ ಪ್ರವಾಹಕ್ಕೆ ಆ ಪುಸ್ತಕದಲ್ಲಿ ಮೂರು ಬಾಗಿಲುಗಳಿದ್ದವು. ಕಲಂ 44ರಂತೆ ಅಸಾಧಾರಣವಾಗಿ ಕೆಟ್ಟ ಹವಾಮಾನಕ್ಕೆ ಅವಧಿ ಸಿಗುತ್ತದೆ, ಹಣವಿಲ್ಲ. ಕಲಂ 12ರಂತೆ ಅನುಭವಿ ಗುತ್ತಿಗೆದಾರನೂ ಊಹಿಸಲಾಗದ ಭೌತಿಕ ಅಡಚಣೆ ಎದುರಾದರೆ ಅವಧಿಯೂ ಸಿಗುತ್ತದೆ, ಖರ್ಚೂ ಸಿಗುತ್ತದೆ. ಆದರೆ ಹವಾಮಾನವನ್ನು ಆ ಕಲಂ ಹೆಸರು ಹಿಡಿದೇ ಹೊರಗಿಟ್ಟಿದೆ. ಕಲಂ 20ರಲ್ಲಿ ಯಜಮಾನನ ಪಾಲಿನ ಅಪಾಯಗಳ ಪಟ್ಟಿಯಿದೆ; ಅದರ ಕೊನೆಯದು, ಅನುಭವಿ ಗುತ್ತಿಗೆದಾರನಿಂದ ಮುನ್ನೆಚ್ಚರಿಕೆ ನಿರೀಕ್ಷಿಸಲಾಗದಂಥ ಪ್ರಕೃತಿಯ ಹೊಡೆತ. ಅದಕ್ಕೆ ಸೇರಿದರೆ ಕೊಚ್ಚಿಹೋದ ಕೆಲಸವನ್ನು ಮತ್ತೆ ಕಟ್ಟುವ ಖರ್ಚು ಯಜಮಾನನದು. ಯಾವ ಬಾಗಿಲು ತೆರೆಯುತ್ತದೆ ಎಂಬುದು ಪದಗಳ ಜಾಣತನದಿಂದ ತೀರ್ಮಾನವಾಗುವಂಥದ್ದಲ್ಲ. ಮಳೆ ದಾಖಲೆಯಿಂದ ತೀರ್ಮಾನವಾಗುತ್ತದೆ. ಆ ವಾದಿಯಲ್ಲಿ ಹಿಂದೆ ಇಂಥ ನೀರು ಬಂದಿತ್ತೇ? ಬಂದಿದ್ದರೆ ಎಷ್ಟು ವರ್ಷಕ್ಕೊಮ್ಮೆ? ಕಲ್ವರ್ಟಿನ ವಿನ್ಯಾಸಕ್ಕೆ ಹಿಡಿದ ಪ್ರವಾಹ ಯಾವುದು?

ಅವಳು ಪತ್ರ ಕಳಿಸಿದ್ದು ಅದೇ ವಾರದಲ್ಲಿ. ನೋಟಿಸಿಗೆ ಪುಸ್ತಕ ಕೊಡುವ ಗಡುವು 28 ದಿನ. ಅಷ್ಟು ದಿನ ಕಾಯುವುದು ತಪ್ಪು ಎಂದು ಅವಳ ವಾದ, ನೀರಿನ ಗುರುತು ಅಷ್ಟು ಹೊತ್ತಿಗೆ ಅಳಿಸಿಹೋಗಿರುತ್ತದೆ. ಕೊನೆಗೆ ಅವಧಿ ಸಿಕ್ಕಿತು, ಪೂರ್ಣಗೊಂಡಿದ್ದ ಭಾಗದ ದುರಸ್ತಿಗೆ ಹಣ ಸಿಕ್ಕಿತು, ಕೊಚ್ಚಿಹೋದ ಸೆಂಟ್ರಿಂಗ್ ಸಾಮಾನಿಗೆ ಸಿಗಲಿಲ್ಲ. ಸಾಮಾನನ್ನು ಹೊಳೆಪಾತ್ರದಲ್ಲಿ ಇಟ್ಟದ್ದು ಗುತ್ತಿಗೆದಾರನ ಆಯ್ಕೆ ಎಂದು ಎಂಜಿನಿಯರ್ ಬರೆದ. ಈ ಹಂಚಿಕೆ ನ್ಯಾಯವಾದದ್ದೆಂದೇ ಅವರಿಗೆ ಇವತ್ತಿಗೂ ಅನಿಸುತ್ತದೆ.

ರೆಡ್ ಬುಕ್ಕಿನಲ್ಲಿ ಎಂಜಿನಿಯರ್ ಎಂದರೆ ವಿಶೇಷ ಪಾತ್ರ. ಅವನಿಗೆ ಸಂಬಳ ಕೊಡುವವನು ಯಜಮಾನ. ಆದರೂ ದರ, ಅವಧಿ, ಅಭಿಪ್ರಾಯದ ಪ್ರಶ್ನೆ ಬಂದಾಗ ಅವನು ಎರಡೂ ಕಡೆಗೆ ಸಮನಾಗಿ ನಡೆದುಕೊಳ್ಳಬೇಕೆಂದು ನಾಲ್ಕನೆಯ ಆವೃತ್ತಿ ಬಿಡಿಸಿ ಹೇಳಿತ್ತು. ಹಾಗೆ ನಡೆದುಕೊಂಡವರನ್ನು ಅವರು ಕಂಡಿದ್ದಾರೆ, ನಡೆದುಕೊಳ್ಳದವರನ್ನೂ ಕಂಡಿದ್ದಾರೆ. 1999ರಲ್ಲಿ ಫಿಡಿಕ್ ಪುಸ್ತಕಗಳನ್ನೆಲ್ಲ ಹೊಸದಾಗಿ ಬರೆಯಿತು. ವಿವಾದವನ್ನು ಎಂಜಿನಿಯರನ ಕೈಯಿಂದ ತೆಗೆದು ಸ್ವತಂತ್ರ ವಿವಾದ ಮಂಡಳಿಗೆ ಕೊಟ್ಟಿತು. ಆಗಲೇ ಬಣ್ಣಗಳ ಸಾಲು ನಿಂತಿದ್ದು. ಯಜಮಾನ ವಿನ್ಯಾಸ ಕೊಟ್ಟು, ಅಳತೆಯಂತೆ ಹಣ ಕೊಡುವ ಕೆಲಸಕ್ಕೆ ಕೆಂಪು. ಗುತ್ತಿಗೆದಾರನೇ ವಿನ್ಯಾಸ ಮಾಡಿ ಕಟ್ಟುವುದಕ್ಕೆ ಹಳದಿ. ಒಂದು ನಿಗದಿತ ಮೊತ್ತಕ್ಕೆ ಬಹುಪಾಲು ಹೊರೆ ಗುತ್ತಿಗೆದಾರನ ತಲೆಗೆ ಹೋಗುವ ಕೆಲಸಕ್ಕೆ ಬೆಳ್ಳಿ. ಸಣ್ಣ ಕೆಲಸಕ್ಕೆ ಹಸಿರು.

ಬೆಳ್ಳಿ ಬಣ್ಣದ್ದರ ಬಗ್ಗೆ ಅವರು ಎಚ್ಚರಿಸದೆ ಬಿಡುವುದಿಲ್ಲ. ಟೆಂಡರ್ ಹಾಕುವವರಿಗೆ ವಿವರಗಳನ್ನು ಪರಿಶೀಲಿಸಲು ಸಾಕಷ್ಟು ಕಾಲವಾಗಲಿ ಮಾಹಿತಿಯಾಗಲಿ ಇಲ್ಲದ ಕಡೆ, ಅಥವಾ ಪರೀಕ್ಷಿಸಿ ನೋಡಲಾಗದ ನೆಲದಡಿಯ ಕೆಲಸ ಬಹಳವಿರುವ ಕಡೆ ಇದನ್ನು ಬಳಸಬೇಡಿ ಎಂದು ಫಿಡಿಕ್ ತಾನೇ ಅದರ ಪೀಠಿಕೆಯಲ್ಲಿ ಬರೆದಿದೆ. ಆ ಪುಟವನ್ನು ಬದಿಗಿಟ್ಟು, ಸುರಂಗಕ್ಕೂ ನಿಗದಿತ ಮೊತ್ತದ ಕರಾರು ಮಾಡುವವರನ್ನು ಕಂಡರೆ ಅವರಿಗೆ ಸಂಕಟ. ಬೆಲೆ ಖಚಿತವಾಯಿತೆಂದು ಯಜಮಾನ ನಂಬುತ್ತಾನೆ. ಬಂಡೆಗೆ ಆ ಕರಾರು ಗೊತ್ತಿರುವುದಿಲ್ಲ.

ನೆಲದಡಿಯ ಹೊರೆಗೆ ಅವರು ಕೊಡುವ ಉದಾಹರಣೆ ಜಿಬ್ರಾಲ್ಟರಿನದು. ಅಲ್ಲಿನ ವಿಮಾನ ನಿಲ್ದಾಣದ ರನ್‌ವೇ ಅಡಿ ರಸ್ತೆ ಸುರಂಗ ತೋಡಲು 2008ರಲ್ಲಿ ಸ್ಪೇನಿನ ಒಬ್ರಾಸ್ಕಾನ್ ಕಂಪನಿ ಹಳದಿ ಪುಸ್ತಕದ ಆಧಾರದ ಕರಾರಿಗೆ ಸಹಿ ಹಾಕಿತು. ತೋಡುತ್ತ ಹೋದಂತೆ ಕಲುಷಿತ ಮಣ್ಣು ನಿರೀಕ್ಷೆಗಿಂತ ಹೆಚ್ಚು ಸಿಕ್ಕಿತು, ಬಂಡೆಯೂ ಹೆಚ್ಚು ಎಂಬುದು ಕಂಪನಿಯ ವಾದ. ಕೆಲಸ ನಿಧಾನವಾಯಿತು, 2011ರಲ್ಲಿ ಜಿಬ್ರಾಲ್ಟರ್ ಸರ್ಕಾರ ಕರಾರು ಮುರಿಯಿತು. ಲಂಡನ್ನಿನ ನ್ಯಾಯಾಲಯ 2014ರಲ್ಲಿ ತೀರ್ಪು ಕೊಟ್ಟಿತು: ಶತಮಾನಗಳಿಂದ ಸೈನ್ಯ ಬೀಡುಬಿಟ್ಟ, ಫಿರಂಗಿ ಸಿಡಿದ ಜಾಗದಲ್ಲಿ ಮಣ್ಣು ಕೆಟ್ಟಿರುತ್ತದೆ ಎಂದು ಅನುಭವಿ ಗುತ್ತಿಗೆದಾರ ಊಹಿಸಬೇಕಿತ್ತು. ಟೆಂಡರಿನ ಜತೆ ಕೊಟ್ಟ ವರದಿಯ ಅಂಕಿಗಳಿಗಷ್ಟೇ ಜೋತುಬಿದ್ದರೆ ಸಾಲದು. ಎರಡು ವರ್ಷಕ್ಕೂ ಮೀರಿದ ವಿಳಂಬಕ್ಕೆ ಕಂಪನಿಗೆ ಸಿಕ್ಕ ಅವಧಿ ವಿಸ್ತರಣೆ ಬೆರಳೆಣಿಕೆಯ ದಿನಗಳು. ಊಹಿಸಲಾಗದ್ದು ಎಂಬ ಕಲಂ ಕರಾರಿನಲ್ಲಿದೆಯೆಂದು ನೆಮ್ಮದಿಯಾಗಿರುವ ಪ್ರತಿ ಎಂಜಿನಿಯರೂ ಈ ತೀರ್ಪನ್ನು ಓದಬೇಕು.

ಪನಾಮಾ ಕಾಲುವೆಯ ಹೊಸ ಲಾಕ್‌ಗಳದ್ದು ಇನ್ನೂ ದೊಡ್ಡ ಕತೆ. ಸುಮಾರು 310 ಕೋಟಿ ಡಾಲರಿಗೆ, ಎಲ್ಲರಿಗಿಂತ ಕಡಿಮೆ ದರಕ್ಕೆ, 2009ರಲ್ಲಿ ಕೆಲಸ ಹಿಡಿದ ಕಂಪನಿಗಳ ಕೂಟ ಅಲ್ಲಿನ ಬಸಾಲ್ಟ್ ಕಲ್ಲು ಕಾಂಕ್ರೀಟಿಗೆ ಹೇಳಿದಷ್ಟು ಒಳ್ಳೆಯದಿಲ್ಲವೆಂದು ತಕರಾರು ತೆಗೆಯಿತು. 2014ರ ಆರಂಭದಲ್ಲಿ ಕೆಲಸವೇ ನಿಂತಿತು. ಲಾಕ್‌ಗಳು ತೆರೆದದ್ದು 2016ರ ಜೂನ್ 26ಕ್ಕೆ. ವಿವಾದಗಳು ಅದರ ನಂತರವೂ ವರ್ಷಗಟ್ಟಲೆ ಹರಿದವು.

2000ದ ದಶಕದ ಮೊದಲ ವರ್ಷಗಳಲ್ಲಿ ಅವರು ಊರ ಕಡೆ ಮರಳಿದಾಗ ಸುವರ್ಣ ಚತುಷ್ಪಥದ ಕೆಲಸ ದೇಶವೆಲ್ಲ ಎದ್ದಿತ್ತು. ತುಮಕೂರು, ಚಿತ್ರದುರ್ಗ, ಹಾವೇರಿ, ಬೆಳಗಾವಿಗಳ ಮೇಲೆ ಹಾಯುವ ಹೆದ್ದಾರಿಯೂ ಅದರ ಭಾಗ. ಅವರಿಗೆ ಸಿಕ್ಕ ಹೆದ್ದಾರಿ ಕೆಲಸದಲ್ಲಿ ಕರಾರಿನ ಮೊದಲ ಭಾಗ ಫಿಡಿಕ್‌ನ ನಾಲ್ಕನೆಯ ಆವೃತ್ತಿ. ಹಳೆಯ ಗೆಳೆಯನನ್ನು ಕಂಡಷ್ಟು ಸಂತೋಷವಾಯಿತು. ಎರಡನೆಯ ಭಾಗ ವಿಶೇಷ ಷರತ್ತುಗಳು. ಸೈಟಿನಲ್ಲಿ ಅದನ್ನು ಕೋಪಾ ಎನ್ನುತ್ತಿದ್ದರು. ಕೋಪಾ ಓದುತ್ತ ಹೋದಂತೆ ಸಂತೋಷ ಇಳಿಯಿತು. ಮೊದಲ ಭಾಗ ಗುತ್ತಿಗೆದಾರನಿಗೆ ಕೊಟ್ಟ ಒಂದೊಂದು ಹಕ್ಕನ್ನೂ ಎರಡನೆಯ ಭಾಗ ಒಂದೊಂದು ಸಾಲಿನಲ್ಲಿ ಹಿಂದಕ್ಕೆ ತೆಗೆದುಕೊಂಡಿತ್ತು: ಈ ಉಪಕಲಂ ರದ್ದು, ಇಲ್ಲಿ ಖರ್ಚು ಎಂಬ ಪದ ತೆಗೆದುಹಾಕಿ, ಅಲ್ಲಿ ಯಜಮಾನನ ಪೂರ್ವಾನುಮತಿ ಸೇರಿಸಿ.

ಅವರ ಇಡೀ ಬದುಕಿನ ಆಕ್ಷೇಪ ಇರುವುದು ಇಲ್ಲಿ. ಮಾದರಿ ಕರಾರಿನ ಬೆಲೆ ಅದು ಮಾದರಿಯಾಗಿ ಉಳಿಯುವುದರಲ್ಲಿದೆ. ಕಲಂಗಳು ಒಂದನ್ನೊಂದು ಆತುಕೊಂಡು ನಿಂತಿರುತ್ತವೆ; ನೋಟಿಸಿನ ಗಡುವು ಬಿಗಿಯಾಗಿದ್ದರೆ ಅದಕ್ಕೆ ಎದುರಾಗಿ ಎಂಜಿನಿಯರ್ ಉತ್ತರಿಸಬೇಕಾದ ಗಡುವೂ ಇರುತ್ತದೆ. ಗುತ್ತಿಗೆದಾರನ ಗಡುವು ಇಟ್ಟುಕೊಂಡು ಎಂಜಿನಿಯರನದನ್ನು ತೆಗೆದರೆ ಅದು ಫಿಡಿಕ್ ಕರಾರಲ್ಲ, ಹೊದಿಕೆ ಮಾತ್ರ ಫಿಡಿಕ್. ಹಾಗೆ ಹೊರೆಯನ್ನೆಲ್ಲ ಒಂದು ಕಡೆ ತಳ್ಳಿದ ಇಲಾಖೆಗೆ ಉಳಿತಾಯವೂ ಆಗುವುದಿಲ್ಲ. ತಿಳಿದ ಗುತ್ತಿಗೆದಾರ ಆ ಹೊರೆಯನ್ನು ದರಕ್ಕೆ ಸೇರಿಸಿ ಟೆಂಡರ್ ಕಳೆದುಕೊಳ್ಳುತ್ತಾನೆ. ತಿಳಿಯದವನು ಕಡಿಮೆ ದರಕ್ಕೆ ಗೆದ್ದು, ನಡುವೆ ಕೈಚೆಲ್ಲಿ ಹೋಗುತ್ತಾನೆ. ಅರ್ಧ ಕಟ್ಟಿ ಬಿಟ್ಟ ಮೇಲ್ಸೇತುವೆಗಳ ಕೆಳಗೆ ವರ್ಷಗಟ್ಟಲೆ ಧೂಳು ಕುಡಿಯುವವರು ಊರಿನ ಜನ.

ಆ ಹೆದ್ದಾರಿಯಲ್ಲಿ ಜಾಗ ತುಂಡುತುಂಡಾಗಿ ಕೈಗೆ ಬಂತು. ಒಂದು ಕಡೆ ಕೋರ್ಟಿನ ತಡೆಯಾಜ್ಞೆ, ಇನ್ನೊಂದು ಕಡೆ ಗುಡಿ, ಮತ್ತೊಂದು ಕಡೆ ಸ್ಥಳಾಂತರವಾಗದ ವಿದ್ಯುತ್ ಕಂಬಗಳ ಸಾಲು. ಅವರು ಕಾಲುವೆಯ ಕಾಕಾ ಕಲಿಸಿದಂತೆ ಹಿಂಡ್ರೆನ್ಸ್ ರಿಜಿಸ್ಟರ್ ಇಟ್ಟರು: ಯಾವ ಚೈನೇಜು, ಯಾವ ಅಡಚಣೆ, ಯಾವ ದಿನ ಶುರು, ಯಾವ ದಿನ ಪರಿಹಾರ, ಇಬ್ಬರ ಸಹಿ. ತಡಕ್ಕೆ ದಂಡ ಹಾಕುವ ಮಾತು ಬಂದಾಗ ಆ ರಿಜಿಸ್ಟರೇ ಉತ್ತರವಾಯಿತು. ಕರಾರು ಕಾಯ್ದೆಯ ಕಲಂ 74, ಕರಾರಿನಲ್ಲಿ ಬರೆದ ದಂಡದ ಮೊತ್ತವನ್ನು ಮೇಲ್ಮಿತಿ ಎಂದಷ್ಟೇ ಕಾಣುತ್ತದೆ. ಆ ಮಿತಿಯೊಳಗೆ ಸಮಂಜಸವಾದದ್ದನ್ನಷ್ಟೇ ವಸೂಲಿ ಮಾಡಬಹುದು ಎಂಬುದನ್ನು ಸುಪ್ರೀಂ ಕೋರ್ಟ್ 2015ರ ಕೈಲಾಶ್ ನಾಥ್ ಪ್ರಕರಣದಲ್ಲಿ ಮತ್ತೆ ಸ್ಪಷ್ಟಪಡಿಸಿತು. ಹಾಗೆಯೇ ಕಲಂ 28. ಇಷ್ಟು ದಿನದೊಳಗೆ ಕೇಳದಿದ್ದರೆ ಹಕ್ಕೇ ಹೋಯಿತು ಎನ್ನುವ ಷರತ್ತುಗಳನ್ನು 1997ರಿಂದ ಜಾರಿಗೆ ಬಂದ ತಿದ್ದುಪಡಿ ಅಸಿಂಧು ಎನ್ನುತ್ತದೆ. ಇಂಗ್ಲೆಂಡಿನಲ್ಲಿ ಕತ್ತಿಯಂತೆ ಬೀಳುವ 28 ದಿನಗಳ ಗಡುವು ನಮ್ಮಲ್ಲಿ ಎಷ್ಟು ಹರಿತ ಎಂಬುದು ಅದರಿಂದಾಗಿ ವಾದದ ವಿಷಯ. ಆದರೂ ಆ ವಾದದ ಧೈರ್ಯದ ಮೇಲೆ ಪತ್ರ ಬರೆಯದೆ ಕೂರುವುದನ್ನು ಅವರು ಒಪ್ಪುವುದಿಲ್ಲ.

ಬೆಲೆ ಹೊಂದಾಣಿಕೆಯ ಸೂತ್ರವನ್ನು ಅವರು ಪ್ರೀತಿಯಿಂದ ವಿವರಿಸುತ್ತಾರೆ. ಕೆಲಸದ ಮೊತ್ತವನ್ನು ಕೂಲಿ, ಸಿಮೆಂಟ್, ಸ್ಟೀಲ್, ಡಾಂಬರು, ಡೀಸೆಲ್, ಯಂತ್ರ ಎಂದು ಪಾಲು ಮಾಡಿ, ಪ್ರತಿ ಪಾಲಿಗೂ ಸರ್ಕಾರ ಪ್ರಕಟಿಸುವ ಒಂದು ಸೂಚ್ಯಂಕ ಕಟ್ಟಿರುತ್ತಾರೆ. ಸೂಚ್ಯಂಕ ಏರಿದಷ್ಟು ಬಿಲ್ಲು ಏರುತ್ತದೆ, ಇಳಿದರೆ ಇಳಿಯುತ್ತದೆ. ಯಾರ ಮರ್ಜಿಯೂ ಬೇಕಿಲ್ಲ. ಆದರೆ ಸಗಟು ಬೆಲೆ ಸೂಚ್ಯಂಕದ ಆಧಾರ ವರ್ಷವೇ 1993-94ರಿಂದ 2004-05ಕ್ಕೆ ಬದಲಾದಾಗ ಹಳೆಯ ಅಂಕಿಯನ್ನು ಹೊಸದಕ್ಕೆ ಜೋಡಿಸುವುದು ಹೇಗೆಂಬ ಪ್ರಶ್ನೆ ಎದ್ದಿತು. ಹೆದ್ದಾರಿ ಪ್ರಾಧಿಕಾರ ಸುತ್ತೋಲೆಯೊಂದರಲ್ಲಿ ಹೊಸ ಲೆಕ್ಕ ಹೇಳಿತು. ಮಧ್ಯಪ್ರದೇಶದಲ್ಲಿ ರಸ್ತೆ ಮಾಡುತ್ತಿದ್ದ ಕೊರಿಯಾದ ಸ್ಯಾಂಗ್‌ಯಾಂಗ್ ಕಂಪನಿ ಒಪ್ಪಲಿಲ್ಲ. ಮಧ್ಯಸ್ಥಗಾರರಲ್ಲಿ ಬಹುಮತ ಪ್ರಾಧಿಕಾರದ ಪರವಾಯಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಒಪ್ಪದ ಪಕ್ಷದ ಮೇಲೆ ಏಕಪಕ್ಷೀಯವಾಗಿ ಬದಲಿಸಿದ ಕರಾರನ್ನು ಹೇರುವುದು ನ್ಯಾಯದ ಮೂಲ ಕಲ್ಪನೆಗೇ ವಿರುದ್ಧ ಎಂದಿತು. ಸೂಚ್ಯಂಕದ ಒಂದು ಸಣ್ಣ ಗುಣಕದಿಂದ ಇಷ್ಟು ದೊಡ್ಡ ಮಾತು ಹುಟ್ಟಿದ್ದು ಅವರಿಗೆ ಅತ್ಯಂತ ಇಷ್ಟವಾದ ಸಂಗತಿಗಳಲ್ಲಿ ಒಂದು.

ವಿವಾದ ಆಲಿಸುವವರು ಯಾರು ಎಂಬ ಹಳೆಯ ಪ್ರಶ್ನೆಯೂ ನಿಧಾನವಾಗಿ ಸರಿದಾರಿಗೆ ಬರುತ್ತಿದೆ. ತನ್ನ ಪಟ್ಟಿಯಿಂದಲೇ ಮಧ್ಯಸ್ಥಗಾರರನ್ನು ಆರಿಸಿ ಎಂದು ಸಾರ್ವಜನಿಕ ಸಂಸ್ಥೆ ಎದುರು ಪಕ್ಷವನ್ನು ಬಲವಂತ ಮಾಡುವಂತಿಲ್ಲವೆಂದು 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಹೇಳಿತು. ರೈಲ್ವೆ ವಿದ್ಯುದೀಕರಣದ ಕೆಲಸದಿಂದ ಹುಟ್ಟಿದ ಪ್ರಕರಣ ಅದು. ಅದೇ ವರ್ಷದ ಜೂನಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯ, ಮಧ್ಯಸ್ಥಿಕೆ ಕಲಂ ಅನ್ನು ಎಲ್ಲ ಕರಾರಿಗೂ ಯಾಂತ್ರಿಕವಾಗಿ ಸೇರಿಸಬೇಡಿ, ಸೇರಿಸಿದರೂ 10 ಕೋಟಿ ರೂಪಾಯಿಗಿಂತ ಕಡಿಮೆಯ ವಿವಾದಗಳಿಗೆ ಸೀಮಿತಗೊಳಿಸಬಹುದು ಎಂದು ಇಲಾಖೆಗಳಿಗೆ ತಿಳಿಸಿತ್ತು. ಒಂದು ಕೈಯಿಂದ ಬಂದದ್ದು ಇನ್ನೊಂದು ಕೈಯಿಂದ ಹೋಗದಿರಲಿ ಎಂಬುದು ಅವರ ಕಳಕಳಿ. ದೊಡ್ಡ ವಿವಾದಗಳೆಲ್ಲ ಸಿವಿಲ್ ಕೋರ್ಟಿಗೆ ಹೋದರೆ ಸಾಕ್ಷಿ ಹೇಳಬೇಕಾದ ಸೈಟ್ ಎಂಜಿನಿಯರುಗಳು ಅಷ್ಟು ಹೊತ್ತಿಗೆ ನಿವೃತ್ತರಾಗಿರುತ್ತಾರೆ.

ಈಚೆಗೆ ಅವರ ಮನೆಗೆ ಸಣ್ಣ ಗುತ್ತಿಗೆದಾರರು ಟೆಂಡರ್ ಪ್ರಿಂಟು ಹಿಡಿದು ಬರುತ್ತಾರೆ. ಹೆಚ್ಚಿನವರು ಅದರಲ್ಲಿ ನೋಡಿರುವುದು ಎರಡೇ ಪುಟ: ಟೆಂಡರ್ ಜತೆ ಇಡುವ ಠೇವಣಿ (ಇ.ಎಂ.ಡಿ.) ಎಷ್ಟು, ಕೊನೆಯ ದಿನ ಯಾವುದು. ಅವರು ಮೊದಲು ತೆಗೆಯುವುದು ವಿಶೇಷ ಷರತ್ತುಗಳ ಪುಟ. ಆಮೇಲೆ, ದಾಖಲೆಗಳು ಒಂದಕ್ಕೊಂದು ಹೊಂದದಿದ್ದರೆ ಯಾವುದರ ಮಾತು ಮೇಲು ಎಂದು ಹೇಳುವ ಕಲಂ. ಮೂರನೆಯದು, ಮಣ್ಣಿನ ವರದಿ ಇದೆಯೇ, ಇದ್ದರೆ ಅದು ಕರಾರಿನ ಭಾಗವೇ ಅಥವಾ ಬರೀ ಮಾಹಿತಿಗೆಂದು ಕೊಟ್ಟದ್ದೇ.

ಹಾವೇರಿ ಕಡೆಯ ಒಬ್ಬ ತರುಣ ಹಳ್ಳದ ಮೇಲಿನ ಸೇತುವೆಯ ಟೆಂಡರ್ ತಂದಿದ್ದ.

“ಸರ್, ದರ ಎಷ್ಟು ಹಾಕೂಣ್ರಿ?”

“ದರ ಆಮ್ಯಾಲಪಾ. ಬೋರ್ ಲಾಗ್ ಎಲ್ಲೈತಿ?”

ಇರಲಿಲ್ಲ. ಟೆಂಡರ್ ಹಾಕುವ ಮುಂಚಿನ ಪ್ರಿ-ಬಿಡ್ ಸಭೆಗೆ ಇನ್ನೂ ದಿನವಿತ್ತು. ಇಬ್ಬರೂ ಕೂತು ನಾಲ್ಕು ಸಾಲಿನ ಪ್ರಶ್ನೆ ಬರೆದರು: ಬುನಾದಿಯ ಆಳ ಯಾವ ಪರೀಕ್ಷೆಯ ಮೇಲೆ ನಿಗದಿಯಾಗಿದೆ, ಬಂಡೆ ಇನ್ನೂ ಕೆಳಗೆ ಸಿಕ್ಕರೆ ಹೆಚ್ಚುವರಿ ತೋಡಿಕೆಗೆ ಯಾವ ಐಟಂನಡಿ ಹಣ. ಇಲಾಖೆ, ನೆಲ ಕೊರೆದು ನೋಡಿದ ಬೋರ್ ವಿವರಗಳನ್ನು ಎಲ್ಲರಿಗೂ ಕಾಣುವಂತೆ ಪೋರ್ಟಲ್ಲಿಗೆ ಏರಿಸಿತು. ಒಂದು ಬದಿಯ ಬಂಡೆ ಡ್ರಾಯಿಂಗಿನಲ್ಲಿ ತೋರಿಸಿದ್ದಕ್ಕಿಂತ ಕೆಳಗಿತ್ತು. ತರುಣ ಬುನಾದಿಯ ದರ ಏರಿಸಿದ. ಕೆಲಸ ಬೇರೆಯವರಿಗೆ ಹೋಯಿತು.

ಮುಂದಿನ ಟೆಂಡರ್ ತಂದಾಗ ಅವನು ವಿಶೇಷ ಷರತ್ತುಗಳನ್ನು ಓದಿಕೊಂಡೇ ಬಂದಿದ್ದ. “ಸರ್, ಇದ್ರಾಗ ಬೆಲೆ ಹೊಂದಾಣಿಕಿ ಕಲಂ ತಗದ್ಹಾಕ್ಯಾರ್ರಿ. ಹದಿನೆಂಟು ತಿಂಗಳ ಕೆಲಸ. ಸ್ಟೀಲ್ ರೇಟ್ ಏರಿದ್ರ ನಂ ತಲಿ ಮ್ಯಾಲ ಬರ್ತೈತಿ,” ಎಂದ. ಅವರು ಐಟಂಗಳ ಪ್ರಮಾಣದ ಪಟ್ಟಿ, ಬಿ.ಒ.ಕ್ಯೂ. ಪುಟ ತೆಗೆಸಿದರು. ಸ್ಟೀಲ್ ಒಟ್ಟು ಎಷ್ಟು ಟನ್, ಅದರಲ್ಲಿ ಮೊದಲ ಆರು ತಿಂಗಳಿಗೆ ಎಷ್ಟು, ಆಮೇಲೆ ಎಷ್ಟು ಎಂಬಲ್ಲಿಂದ ಲೆಕ್ಕ ಶುರುವಾಯಿತು.